ರೊಟೇಟರ್ ಕಫ್ ಆಪರೇಷನ್ ಆದಮೇಲೆ: ನಿಮ್ಮ ಭುಜದ ಸೂರು ನೋಡಿ ಚೇತರಿಕೆ ಹೊಂದಿಸಿಕೊಳ್ಳಿ

ನಾನು ಫಿಸಿಯೋಥೆರಪಿಸ್ಟ್. ಭುಜದ ಕೀಲನ್ನು ಸುತ್ತಿ ಹಿಡಿಯುವ ನಾಲ್ಕು ಸ್ನಾಯುಗಳ ಗುಂಪೇ ರೊಟೇಟರ್ ಕಫ್. ಅದು ಹರಿದು ಹೊಲಿಸಿಕೊಂಡು, ಕೈಗೆ ಸ್ಲಿಂಗ್ (ಕೈ ತೂಗುಪಟ್ಟಿ) ಹಾಕಿಕೊಂಡು ಬರುವವರ ಹತ್ತಿರ ಮೊದಲು ಹಳೇ ಎಕ್ಸ್-ರೇ ಕೇಳುತ್ತೇನೆ. ಎಲ್ಲರೂ ಎಂಆರ್‌ಐ ಫೈಲನ್ನೇ ಮುಂದಿಡುತ್ತಾರೆ. ಹರಿದ ಟೆಂಡನ್, ಅಂದರೆ ಸ್ನಾಯುವನ್ನು ಮೂಳೆಗೆ ಕಟ್ಟುವ ನಾರು, ಕಾಣುವುದು ಅದರಲ್ಲೇ, ಸರಿ. ಆದರೆ ಹೊಲಿದ ಟೆಂಡನ್ ಮೇಲೆ ಮುಂದೆ ಎಷ್ಟು ಎಳೆತ ಬೀಳಬಹುದು ಅನ್ನುವ ಸುಳಿವು ಎಕ್ಸ್-ರೇಯಲ್ಲಿದೆ.

ಆಪರೇಷನ್ ಆಗದ ಭುಜದ ಮೇಲೆ ಬೆರಳಿಟ್ಟು ಹೊರಗಡೆಗೆ ಸವರಿಕೊಂಡು ಹೋಗಿ. ಕೊನೆಗೆ ಚಪ್ಪಟೆಯಾದ ಗಟ್ಟಿ ಅಂಚು ಸಿಗುತ್ತದೆ, ಅದು ದಾಟಿದರೆ ಬೆರಳು ಮೆತ್ತಗಿನ ಮಾಂಸಕ್ಕೆ ಜಾರುತ್ತದೆ. ಆ ಮೂಳೆಯೇ ಅಕ್ರೋಮಿಯನ್. ನಾನು ಅದನ್ನು ಸೂರು ಅನ್ನುತ್ತೇನೆ. ಸೂರಿನ ಕೆಳಗೆ ರಟ್ಟೆ ಮೂಳೆಯ ದುಂಡು ತಲೆ. ಎರಡರ ನಡುವಿನ ಸಂದಿಯಲ್ಲಿ ಸುಪ್ರಾಸ್ಪೈನೇಟಸ್ ಟೆಂಡನ್ ಹಾದುಹೋಗುತ್ತದೆ. ರೊಟೇಟರ್ ಕಫ್‌ನ ನಾಲ್ಕು ಸ್ನಾಯುಗಳಲ್ಲಿ ಜಾಸ್ತಿ ಹರಿಯುವುದು ಇದೇ.

ರಿಪೋರ್ಟಿನಲ್ಲಿ "ಟೈಪ್ 3 ಅಕ್ರೋಮಿಯನ್" ಅಂತ ಓದಿ ಹೆದರಿಕೊಂಡು ಬರುವವರು ಬಹಳ. 1986ರಲ್ಲಿ ಬಿಗ್ಲಿಯಾನಿ ಮತ್ತು ಮಾರಿಸನ್ ಅನ್ನುವ ವೈದ್ಯರು ಸೂರಿನ ಆಕಾರ ನೋಡಿ ಮಾಡಿದ ವಿಂಗಡಣೆ ಅದು: ಟೈಪ್ 1 ಚಪ್ಪಟೆ, 2 ಬಾಗಿದ್ದು, 3 ಕೊಕ್ಕೆ. ಚೇತರಿಕೆಯ ಲೆಕ್ಕಕ್ಕೆ ನಾನು ಕೊಕ್ಕೆಗಿಂತ ಸೂರು ಪಕ್ಕಕ್ಕೆ ಎಷ್ಟು ಚಾಚಿದೆ ಅಂತ ನೋಡುತ್ತೇನೆ. ಇದಕ್ಕೆ ಕ್ರಿಟಿಕಲ್ ಶೋಲ್ಡರ್ ಆಂಗಲ್ ಅನ್ನುವ ಅಳತೆ ಇದೆ, 2013ರಲ್ಲಿ ಸ್ವಿಟ್ಜರ್ಲೆಂಡಿನ ವೈದ್ಯರು ಪ್ರಕಟಿಸಿದ್ದು. ಎಕ್ಸ್-ರೇಯಲ್ಲಿ, ದುಂಡು ತಲೆ ಕೂರುವ ಭುಜದ ಬಟ್ಟಲಿನ ಮೇಲಂಚಿನಿಂದ ಕೆಳಂಚಿಗೆ ಒಂದು ಗೆರೆ, ಅದೇ ಕೆಳಂಚಿನಿಂದ ಸೂರಿನ ಹೊರತುದಿಗೆ ಇನ್ನೊಂದು ಗೆರೆ. ನಡುವಿನ ಕೋನ 30ರಿಂದ 35 ಡಿಗ್ರಿ ಇದ್ದರೆ ಸಾಮಾನ್ಯ. 35 ದಾಟಿದ ಭುಜಗಳಲ್ಲಿ ಕಫ್ ಹರಿದಿರುವುದು ಜಾಸ್ತಿ ಕಂಡಿದೆ. ಆದರೆ ನೀವೇ ಸ್ಕೇಲ್ ಹಿಡಿದು ಅಳೆಯಬೇಡಿ. ಎಕ್ಸ್-ರೇ ತೆಗೆಯುವಾಗ ಮೈ ಸ್ವಲ್ಪ ತಿರುಗಿದ್ದರೂ ಕೋನ ತಪ್ಪಾಗಿ ಬರುತ್ತದೆ. ಸರ್ಜನ್ ಹತ್ತಿರ ಹೋದಾಗ ಮೂರು ಪ್ರಶ್ನೆ ಕೇಳಿ: ನನ್ನ ಕೋನ ಎಷ್ಟು? ಸೂರನ್ನು ಕೆರೆದಿದ್ದೀರಾ? ಆಂಕರ್ (ಹೊಲಿಗೆ ದಾರವನ್ನು ಮೂಳೆಗೆ ಹಿಡಿದಿಡುವ ಪುಟ್ಟ ಮೊಳೆ) ಕೂರಿಸಿದ ಮೂಳೆ ಗಟ್ಟಿಯಾಗಿತ್ತಾ? ಮೂರನೆಯದನ್ನು ಮರೆಯಬೇಡಿ. ಆ ಮೂಳೆ ಮೆತ್ತಗಿದ್ದರೆ ಹೊಲಿಗೆಯ ಹಿಡಿತವೂ ಕಡಿಮೆ.

ಸೂರು ಅಗಲವಾಗಿದ್ದರೆ ಏನಾಗುತ್ತದೆ? ಕೈ ಎತ್ತುವ ದೊಡ್ಡ ಸ್ನಾಯು ಡೆಲ್ಟಾಯ್ಡ್ ಸೂರಿನ ಅಂಚಿನಿಂದಲೂ ಹೊರಡುತ್ತದೆ. ಅಂಚು ಹೊರಗಿದ್ದಷ್ಟೂ ಅದು ದುಂಡು ತಲೆಯನ್ನು ಮೇಲಕ್ಕೆ ಎಳೆಯುವುದು ಜಾಸ್ತಿ, ಬಟ್ಟಲಿಗೆ ಒತ್ತಿ ಹಿಡಿಯುವುದು ಕಡಿಮೆ. ಆ ತಲೆಯನ್ನು ಜಗ್ಗಿ ಕೆಳಗೆ ನಿಲ್ಲಿಸಬೇಕಾದದ್ದು ಈಗಷ್ಟೇ ಹೊಲಿದ ಟೆಂಡನ್. ಹಾಗಂತ ಕೋನವೇ ಎಲ್ಲ ಅಂದುಕೊಳ್ಳಬೇಡಿ. ಮತ್ತೆ ಹರಿಯುವುದಕ್ಕೂ ಕೋನಕ್ಕೂ ಇರುವ ನಂಟಿನ ಬಗ್ಗೆ ಅಧ್ಯಯನಗಳು ಒಂದೇ ಮಾತು ಹೇಳುವುದಿಲ್ಲ. ವಯಸ್ಸು, ಹರಿದ ಜಾಗದ ಅಗಲ, ಸ್ನಾಯುವಿನಲ್ಲಿ ಸೇರಿದ ಕೊಬ್ಬು, ಸಕ್ಕರೆ ಕಾಯಿಲೆ, ಸಿಗರೇಟು ಇವೂ ಲೆಕ್ಕಕ್ಕೆ ಬರುತ್ತವೆ. ಸಿಗರೇಟು ಬಿಡುವುದು ನಿಮ್ಮ ಕೈಯಲ್ಲಿದೆ, ದಯವಿಟ್ಟು ಬಿಡಿ.

ಮೊದಲ ನಾಲ್ಕರಿಂದ ಆರು ವಾರ ಸ್ಲಿಂಗ್. ಸೂರು ಅಗಲವಾಗಿರುವವರಿಗೆ ಇಲ್ಲಿ ನಾನು ಸ್ವಲ್ಪವೂ ರಿಯಾಯಿತಿ ಕೊಡುವುದಿಲ್ಲ. ಬೆರಳು, ಮಣಿಕಟ್ಟು ಮೊದಲ ದಿನದಿಂದಲೇ ಆಡಿಸಿ, ಮೊಣಕೈ ಆಡಿಸುವುದನ್ನು ಮಾತ್ರ ನಿಮ್ಮ ಡಾಕ್ಟರನ್ನು ಕೇಳಿ ಶುರು ಮಾಡಿ. ಭುಜವನ್ನು ಸ್ವಂತ ಬಲದಿಂದ ಎತ್ತಬೇಡಿ. ಮಲಗುವಾಗ ಬೆನ್ನಿಗೆ ದಿಂಬು ಒರಗಿಸಿ, ಮೊಣಕೈ ಕೆಳಗೆ ಇನ್ನೊಂದು ಪುಟ್ಟ ದಿಂಬು ಇಡಿ. ಮಲಗಿದಲ್ಲಿಂದಲೇ ನಿಮ್ಮ ಮೊಣಕೈ ನಿಮಗೆ ಕಾಣಬೇಕು. ಕಾಣದಿದ್ದರೆ ಕೈ ಹಿಂದಕ್ಕೆ ಜಾರಿದೆ, ಹೊಲಿಗೆ ಎಳೆಯುತ್ತಿದೆ ಅಂತ ತಿಳಿಯಿರಿ. ಅಂಗಿ ಹಾಕುವಾಗ ಆಪರೇಷನ್ ಆದ ಕೈ ಮೊದಲು, ತೆಗೆಯುವಾಗ ಕೊನೆಗೆ.

ಅಪಾಯ ಇರುವುದು ನೋವು ಹೋದಮೇಲೆ. ನನ್ನ ಹತ್ತಿರ ಬರುತ್ತಿದ್ದ ಒಬ್ಬ ಟೀಚರಮ್ಮನಿಗೆ ಕೋನ 38 ಡಿಗ್ರಿ. ಐದನೇ ವಾರಕ್ಕೇ ನೋವು ಪೂರ್ತಿ ಹೋಗಿತ್ತು. "ಇನ್ನು ಸುಮ್ನೆ ಯಾಕೆ ಸ್ಲಿಂಗ್, ಅಲ್ವಾ?" ಅಂದರು. ನೋವಿಲ್ಲ ಅಂದರೆ ಟೆಂಡನ್ ಮೂಳೆಗೆ ಕೂಡಿಕೊಂಡಿದೆ ಅಂತಲ್ಲ, ಅದಕ್ಕೆ ಸುಮಾರು ಮೂರು ತಿಂಗಳಾದರೂ ಬೇಕು ಅಂತ ಕೂರಿಸಿ ಹೇಳಿದೆ. ಎಂಟನೇ ವಾರದಲ್ಲಿ, ಡಾಕ್ಟರ್ ಒಪ್ಪಿದಮೇಲೆ, ಕನ್ನಡಿ ಮುಂದೆ ನಿಲ್ಲಿಸಿ ಕೈ ಎತ್ತಿಸಿದೆ. ಕೈ ಎದೆಮಟ್ಟಕ್ಕೂ ಬಂದಿರಲಿಲ್ಲ, ಹೆಗಲು ಆಗಲೇ ಕಿವಿಯ ಕಡೆ ಏರಿತ್ತು. ಕತ್ತಿನ ಪಕ್ಕದ ಸ್ನಾಯು ಹಗ್ಗದ ಹಾಗೆ ಎದ್ದು ನಿಂತಿತ್ತು. ಅಲ್ಲಿಗೇ ನಿಲ್ಲಿಸಿ, ಮೇಜಿನ ಮೇಲೆ ಕೈ ಇಟ್ಟು ಮೈ ಬಗ್ಗಿಸುತ್ತಾ ಕೈ ಜಾರಿಸುವ ವ್ಯಾಯಾಮಕ್ಕೇ ಎರಡು ವಾರದ ಮಟ್ಟಿಗೆ ವಾಪಸ್ ಹೋದೆವು.

ಸೂರಿನ ಆಕಾರ ವ್ಯಾಯಾಮದಿಂದ ಬದಲಾಗುವುದಿಲ್ಲ. ಆದರೆ ಸೂರು ಹೆಗಲ ಹಲಗೆಯದೇ ತುದಿ. ಬೆನ್ನು ಗೂನು ಮಾಡಿ ಕೂತರೆ ಹಲಗೆ ಮುಂದಕ್ಕೆ ವಾಲುತ್ತದೆ, ಸೂರೂ ಅದರ ಜೊತೆ ಬಾಗುತ್ತದೆ, ಕೆಳಗಿನ ಸಂದಿ ಕಿರಿದಾಗುತ್ತದೆ. ಇದು ನೀವು ಬದಲಿಸಬಹುದಾದ ವಿಷಯ. ಡಾಕ್ಟರ್ ಒಪ್ಪಿದಮೇಲೆ, ಸ್ಲಿಂಗ್‌ನಲ್ಲಿ ಇರುವಾಗಲೇ ಗಂಟೆಗೊಮ್ಮೆ ಎದೆ ಅಗಲ ಮಾಡಿ, ಎರಡೂ ಹೆಗಲ ಹಲಗೆಗಳನ್ನು ಮೆಲ್ಲಗೆ ಹಿಂದಕ್ಕೆ, ಕೆಳಕ್ಕೆ ತನ್ನಿ. ಐದು ಎಣಿಸಿ ಬಿಡಿ.

ರಬ್ಬರ್ ಬ್ಯಾಂಡ್, ಸಣ್ಣ ತೂಕ ಎಲ್ಲ ಸಾಮಾನ್ಯವಾಗಿ 12 ವಾರದ ನಂತರ. ಅಗಲ ಸೂರಿನವರು ಮೊದಲು ಕೈಯನ್ನು ಒಳಕ್ಕೆ, ಹೊರಕ್ಕೆ ತಿರುಗಿಸುವ ವ್ಯಾಯಾಮ ಮಾಡಿ. ದುಂಡು ತಲೆಯನ್ನು ಬಟ್ಟಲಲ್ಲಿ ಹಿಡಿದಿಡುವುದು ಆ ಸ್ನಾಯುಗಳೇ. ಪಕ್ಕಕ್ಕೆ ತೂಕ ಎತ್ತುವುದು ಕೊನೆಗೆ, ಅದೂ ಹೆಗಲು ಕಿವಿಯ ಕಡೆ ಏರದೆ ಕೈ ಎತ್ತಲು ಬಂದಮೇಲೆ. ನಡುವೆ ಏನಾದರೂ ಟಪ್ ಅಂದ ಹಾಗಾಗಿ, ನಿನ್ನೆ ಏಳುತ್ತಿದ್ದ ಕೈ ಇವತ್ತು ಏಳದಿದ್ದರೆ ವ್ಯಾಯಾಮ ಬಿಟ್ಟು, ಸ್ಲಿಂಗ್ ಹಾಕಿ, ಅವತ್ತೇ ಸರ್ಜನ್‌ಗೆ ಫೋನ್ ಮಾಡಿ.