ಮೊದಲ ಮಳೆಗಾಲ: ಹೊಸದಾಗಿ ಬಂದ ಕುಟುಂಬಗಳು ದಿನನಿತ್ಯದ ಚಿಂತೆಯನ್ನು ನಿಭಾಯಿಸುವ ಬಗೆ

ಬಯಲುಸೀಮೆಯಿಂದಲೋ ಬೆಂಗಳೂರಿನಿಂದಲೋ ವರ್ಗವಾಗಿ ಶಿವಮೊಗ್ಗ ಜಿಲ್ಲೆಗೆ ಬಂದವರಿಗೆ ಸಾಮಾನು ಜೋಡಿಸುವ, ಮಕ್ಕಳನ್ನು ಶಾಲೆಗೆ ಸೇರಿಸುವ ಗಡಿಬಿಡಿಯಲ್ಲಿ ಮೊದಲ ದಿನಗಳು ಕಳೆದುಹೋಗುತ್ತವೆ. ಕಷ್ಟ ತಿಳಿಯುವುದು ಮುಂಗಾರು ಹಿಡಿದ ಮೇಲೆ. ತೀರ್ಥಹಳ್ಳಿ, ಹೊಸನಗರದ ಕಡೆ ವಾರಗಟ್ಟಲೆ ಬಿಸಿಲು ಕಾಣದು, ಬಟ್ಟೆ ಒಣಗದು, ಹೋದ ಕರೆಂಟು ಯಾವಾಗ ಬಂದೀತೆಂಬ ಖಾತ್ರಿಯಿರದು. ಗಂಡ ಕಚೇರಿಗೂ ಮಕ್ಕಳು ಶಾಲೆಗೂ ಹೋದ ಮೇಲೆ ಮನೆಯಲ್ಲಿ ಒಬ್ಬರೇ ಉಳಿಯುವ ಗೃಹಿಣಿಯರಿಗೆ ಇದರ ಭಾರ ಹೆಚ್ಚು. ಮನೆಯವರು ಇದನ್ನು ಸೋಮಾರಿತನವೆಂದು ಭಾವಿಸಬಾರದು.

ಚಿಂತೆಗಳನ್ನು ಒಂದು ನೋಟ್‌ಬುಕ್‌ನಲ್ಲಿ ಬರೆದು, ಇಂದೇ ಏನಾದರೂ ಮಾಡಬಹುದಾದವನ್ನು ಬೇರೆಯಾಗಿಸಿ. ಮಳೆಯ ದಿನ ಶಾಲೆಯ ಬಸ್ಸು ತಡವಾದರೆ ಯಾರನ್ನು ಕೇಳಬೇಕೆಂಬುದು ಒಂದು ಫೋನಿನಲ್ಲಿ ತೀರುವ ವಿಷಯ. ಇನ್ನು ಕೆಲವು ಚಿಂತೆಗಳು ಸರಿಯಾದ ಮಾಹಿತಿಯಿಂದಲೇ ಅರ್ಧ ಇಳಿಯುತ್ತವೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಲಾದ ಮಂಗನ ಕಾಯಿಲೆಯ ಸುದ್ದಿ ಓದಿದೊಡನೆ ಹೊಸಬರು ಬೆಚ್ಚಿಬೀಳುತ್ತಾರೆ. ಆದರೆ ಅದು ಹರಡುವುದು ಮುಖ್ಯವಾಗಿ ಕಾಡಿನ ಉಣುಗಿನ ಕಡಿತದಿಂದ, ಮನುಷ್ಯರಿಂದ ಮನುಷ್ಯರಿಗಲ್ಲ. ಊರಿನಲ್ಲಿ ಉಳಿದ ವೃದ್ಧ ತಂದೆತಾಯಿಯರ ಚಿಂತೆ ಮಾತ್ರ ಹೀಗೆ ಕರಗುವುದಿಲ್ಲ. ದಿನವೂ ಒಂದೇ ಹೊತ್ತಿಗೆ ಫೋನ್ ಮಾಡುವ ರೂಢಿಯಿಟ್ಟುಕೊಂಡು, ಗಾಳಿಮಳೆಗೆ ಇಲ್ಲಿ ನೆಟ್‌ವರ್ಕ್ ಹೋಗುವುದುಂಟು, ಕರೆ ಬಾರದಿದ್ದರೆ ಗಾಬರಿಯಾಗಬೇಡಿ ಎಂದು ಅವರಿಗೆ ಮೊದಲೇ ತಿಳಿಸಿಡಿ.

ನಿದ್ದೆ ಕೆಟ್ಟರೆ ಸಣ್ಣ ಚಿಂತೆಯೂ ಬೆಟ್ಟವಾಗುತ್ತದೆ. ಮಲೆನಾಡಿನಲ್ಲಿ ಯಾರ ಮನೆಗೆ ಹೋದರೂ ಕಾಫಿ ಬರುತ್ತದೆ. ಕುಡಿದು ಸುಮಾರು 5 ಗಂಟೆ ಕಳೆದರೂ ಅದರ ಕೆಫೀನಿನ ಅರ್ಧದಷ್ಟು ದೇಹದಲ್ಲಿ ಉಳಿದಿರುವುದರಿಂದ, ಸಂಜೆಯ ಹೊತ್ತು ಕಷಾಯ ಕೇಳಿ ಪಡೆಯುವುದಕ್ಕೆ ಸಂಕೋಚ ಬೇಡ. ಬೆಳಿಗ್ಗೆ ಅರ್ಧ ಗಂಟೆ ಜಗಲಿಯಲ್ಲಿ ಕುಳಿತುಕೊಳ್ಳಿ, ಮೋಡ ಕವಿದ ದಿನವೂ ಹೊರಗಿನ ಬೆಳಕು ಒಳಮನೆಯ ದೀಪಕ್ಕಿಂತ ಹಲವು ಪಟ್ಟು ಹೆಚ್ಚಿರುತ್ತದೆ. ಎದೆ ಡವಗುಟ್ಟಿದಾಗ 4 ಎಣಿಸುವಷ್ಟು ಹೊತ್ತು ಉಸಿರೆಳೆದು, 6 ಎಣಿಸುವಷ್ಟು ಹೊತ್ತು ನಿಧಾನವಾಗಿ ಬಿಡುವುದನ್ನು 5 ನಿಮಿಷ ಮಾಡಿದರೆ ದೇಹ ತಹಬಂದಿಗೆ ಬರುತ್ತದೆ.

ಇಲ್ಲಿಯ ನೆರೆಹೊರೆಯವರು ತಾವಾಗಿ ಮೇಲೆಬಿದ್ದು ವಿಚಾರಿಸುವುದು ಕಡಿಮೆ, ಕೇಳಿದರೆ ಇಲ್ಲವೆನ್ನುವುದೂ ಕಡಿಮೆ ಎಂಬುದು ನಮ್ಮ ಅನುಭವ. ಬಟ್ಟೆ ಒಣಗಿಸುವ ಉಪಾಯ ಕೇಳುವ ನೆಪದಲ್ಲಾದರೂ ನೀವೇ ಮೊದಲು ಮಾತು ತೆಗೆಯಿರಿ.

ನಿದ್ದೆ, ಹಸಿವು, ಕೆಲಸದ ಆಸಕ್ತಿ ಎರಡು ವಾರ ಕಳೆದರೂ ಸರಿಹೋಗದಿದ್ದರೆ ಅದನ್ನು ಮಳೆಯ ಬೇಸರವೆಂದು ತಳ್ಳಿಹಾಕದೆ ವೈದ್ಯರನ್ನು ಕಾಣಬೇಕು. ಶಿವಮೊಗ್ಗದ ಮೆಗ್ಗಾನ್ ಬೋಧನಾ ಆಸ್ಪತ್ರೆಯಲ್ಲಿ ಮನೋರೋಗ ವಿಭಾಗವಿದೆ. 2022ರಲ್ಲಿ ಆರಂಭವಾದ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲುರಾತ್ರಿ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು. ಬದುಕೇ ಬೇಡವೆಂಬ ಯೋಚನೆ ಬಂದರಂತೂ ಒಂದು ದಿನವೂ ಕಾಯಬೇಡಿ. ಕರೆಂಟು ಹೋಗಿ ಮೊಬೈಲ್ ಆರಿದ ರಾತ್ರಿಗೂ ಕಾಣುವಂತೆ ಈ ಸಂಖ್ಯೆಯನ್ನು ಅಡುಗೆಮನೆಯ ಕ್ಯಾಲೆಂಡರಿನ ಮೇಲೆ ದೊಡ್ಡದಾಗಿ ಬರೆದಿಡಿ; ಪಕ್ಕದ ಮನೆಯ ಫೋನಿನಿಂದಲಾದರೂ ಕರೆ ಮಾಡಬಹುದು.