ಗಾಜು ಕೂರಿಸಲು ಅರ್ಧ ಗಂಟೆ, ಚೂರು ತೆಗೆಯಲು ಎರಡು ದಿನ: ಸನ್‌ರೂಫ್ ನಾನೇ ಸರಿಮಾಡಿದ ಅನುಭವ

ಟಯರ್ ಸಿಡಿಯಿತು ಅಂದುಕೊಂಡೆ. ಸದ್ದು ಅಷ್ಟು ಜೋರಾಗಿತ್ತು. ಆದರೆ ಸ್ಟೀರಿಂಗ್ ಎಳೆಯಲಿಲ್ಲ, ಗಾಡಿ ನೇರವಾಗಿಯೇ ಹೋಗುತ್ತಿತ್ತು. ಮರುಕ್ಷಣ ತಲೆಯ ಮೇಲೆ ಜಲ್ಲಿ ಸುರಿದ ಹಾಗೆ ಶಬ್ದ, ಹಿಂದೆಯೇ ಗಾಳಿಯ ಮೊರೆತ. ರಸ್ತೆ ಬದಿಗೆ ನಿಲ್ಲಿಸಿ ಇಳಿದು ನೋಡಿದರೆ ಸನ್‌ರೂಫ್ ಗಾಜಿನ ನಡುಭಾಗವೇ ಇರಲಿಲ್ಲ. ಅಂಚಿನ ಸುತ್ತ ಮಾತ್ರ ರಬ್ಬರಿಗೆ ಕಚ್ಚಿಕೊಂಡಿದ್ದ ಗಾಜು ಬಿರುಕುಬಿಟ್ಟು ನೇತಾಡುತ್ತಿತ್ತು. ಒಳಗಿನ ಸನ್‌ಶೇಡ್ ಮುಚ್ಚಿದ್ದೆವು. ಅದೊಂದೇ ಕಾರಣಕ್ಕೆ ಹಿಂದಿನ ಸೀಟಿನಲ್ಲಿದ್ದ ಮಗಳ ಮೇಲೆ ಒಂದು ಚೂರೂ ಬೀಳಲಿಲ್ಲ. ಅವತ್ತಿನಿಂದ ಹೆದ್ದಾರಿಯಲ್ಲಿ ಹೋಗುವಾಗ ನಮ್ಮ ಕಾರಿನ ಶೇಡ್ ಮುಚ್ಚಿಯೇ ಇರುತ್ತದೆ.

ಹದಿನೈದು ದಿನ ಮೊದಲು ಗಾಡಿ ತೊಳೆಯುವಾಗ ಅದೇ ಗಾಜಿನ ಮುಂದಿನ ಅಂಚಿನ ಹತ್ತಿರ ಸಾಸಿವೆ ಕಾಳಿನಷ್ಟು ಒಂದು ಚುಕ್ಕೆ ಕಂಡಿತ್ತು. ಉಗುರಿನಿಂದ ಸವರಿದರೆ ಸಣ್ಣ ಗುಂಡಿ ಸಿಗುತ್ತಿತ್ತು. ಯಾವುದೋ ಕಲ್ಲು ತಾಗಿರಬೇಕು, ಇರಲಿ ಅಂತ ಬಿಟ್ಟಿದ್ದೆ. ಬಿಡಬಾರದಿತ್ತು. ಮುಂದಿನ ವಿಂಡ್‌ಶೀಲ್ಡ್‌ನಲ್ಲಿ ಇಂಥ ಚುಕ್ಕೆಯಾದರೆ ಅಂಟು ತುಂಬಿಸಿ ಉಳಿಸಿಕೊಳ್ಳಬಹುದು. ಅದು ಎರಡು ಗಾಜಿನ ನಡುವೆ ಪ್ಲಾಸ್ಟಿಕ್ ಪದರ ಇಟ್ಟು ಬೆಸೆದ ಲ್ಯಾಮಿನೇಟೆಡ್ ಗಾಜು. ಸನ್‌ರೂಫಿನದು ಹೆಚ್ಚಿನ ಕಾರುಗಳಲ್ಲಿ ಟೆಂಪರ್ಡ್ ಗಾಜು. ಅದನ್ನು 600 ಡಿಗ್ರಿ ಸೆಲ್ಸಿಯಸ್‌ಗೂ ಮೀರಿ ಕಾಯಿಸಿ, ಎರಡೂ ಕಡೆಯಿಂದ ಗಾಳಿ ಊದಿ ಥಟ್ಟನೆ ತಣಿಸುತ್ತಾರೆ. ಹೊರಮೈ ಮೊದಲು ಗಟ್ಟಿಯಾಗುತ್ತದೆ. ಒಳಭಾಗ ಆಮೇಲೆ ತಣಿದು ಕುಗ್ಗುತ್ತಾ ಹೊರಮೈಯನ್ನು ಬಿಗಿದು ಹಿಡಿಯುತ್ತದೆ. ಹೊರಗೆ ಒತ್ತಡ, ಒಳಗೆ ಎಳೆತ. ಈ ಬಿಗಿಯಿಂದಲೇ ಆ ಗಾಜಿಗೆ ಬಲ. ಗೀರು ಹೊರಪದರ ದಾಟಿ ಒಳಗಿನ ಎಳೆತದ ಭಾಗ ಮುಟ್ಟಿತೋ, ಇಡೀ ಗಾಜು ಒಂದೇ ಸಲಕ್ಕೆ ಕಾಳುಕಾಳಾಗಿ ಹೋಗುತ್ತದೆ. ಕಲ್ಲು ಬಿದ್ದ ದಿನವೇ ಒಡೆಯಬೇಕೆಂದಿಲ್ಲ. ಬಿಸಿಲಿಗೆ ಕಾದು, ರಾತ್ರಿ ತಣಿದು, ಹಳ್ಳದಲ್ಲಿ ಕುಲುಕಿ, ಯಾವತ್ತೋ ಒಂದು ದಿನ ಸಿಡಿಯುತ್ತದೆ. ಅಂಚಿನ ಬಳಿ ಚುಕ್ಕೆ ಕಂಡರೆ ಅಂಟಿನ ಯೋಚನೆ ಬಿಟ್ಟು ಹೊಸ ಗಾಜು ಹುಡುಕಿ.

ಮನೆ ತಲುಪಿದ ಮೇಲೆ ಮೊದಲು ಮಾಡಿದ್ದು ಮುಚ್ಚುವ ಕೆಲಸ. ಎಲ್ಲರೂ ಪ್ಲಾಸ್ಟಿಕ್ ಹಾಳೆಯನ್ನು ಟೇಪಿನಿಂದ ನೇರವಾಗಿ ಪೇಂಟಿನ ಮೇಲೆ ಅಂಟಿಸುತ್ತಾರೆ. ನಾಲ್ಕು ದಿನ ಬಿಸಿಲು ಬಿದ್ದರೆ ಆ ಅಂಟು ಬಿಡಿಸುವುದೇ ಇನ್ನೊಂದು ಕೆಲಸವಾಗುತ್ತದೆ. ನಾನು ದಪ್ಪ ಹಾಳೆಯನ್ನು ರೂಫಿನ ಮೇಲಿಂದ ಅಡ್ಡಲಾಗಿ ಹಾಸಿ, ಎರಡೂ ತುದಿಗಳನ್ನು ಬಾಗಿಲೊಳಗೆ ಮಡಚಿ ಬಾಗಿಲು ಹಾಕಿದೆ. ಮುಂದೆ ಹಿಂದೆ ಹಾರದಂತೆ ಮೊದಲು ಮಾಸ್ಕಿಂಗ್ ಟೇಪ್ ಅಂಟಿಸಿ, ಅದರ ಮೇಲೆ ಗಟ್ಟಿ ಟೇಪ್ ಹಾಕಿದೆ. ಆಮೇಲೆ ಸನ್‌ರೂಫಿನ ಫ್ಯೂಸ್ ಕಿತ್ತಿಟ್ಟೆ. ಮನೆಯಲ್ಲಿ ಯಾರಾದರೂ ಮರೆತು ಸ್ವಿಚ್ ಒತ್ತಿದರೆ, ಗಾಜು ಓಡುವ ಹಳಿಯಲ್ಲಿ ಬಿದ್ದಿರುವ ಚೂರುಗಳ ಮೇಲೆ ಗಾಡಿ ಹರಿದಂತಾಗಿ, ಹಳಿಯಲ್ಲಿ ಜಾರುವ ಪ್ಲಾಸ್ಟಿಕ್ ತುಂಡುಗಳು (ಶೂಗಳು), ಅವನ್ನು ಎಳೆಯುವ ಕೇಬಲ್ ಎಲ್ಲ ಹಾಳಾಗುತ್ತವೆ. ಆಗ ಗಾಜಿನ ಜೊತೆ ಇಡೀ ಫ್ರೇಮನ್ನೇ ಬದಲಾಯಿಸಬೇಕು, ಅದಕ್ಕೆ ರೂಫ್ ಲೈನಿಂಗ್, ಅಂದರೆ ರೂಫಿನ ಒಳಬದಿಯ ಹೊದಿಕೆ, ಪೂರ್ತಿ ಇಳಿಸಬೇಕು.

ನಾನೇ ಮಾಡಬಹುದೆಂದು ಧೈರ್ಯ ಬಂದದ್ದು ನನ್ನ ಕಾರಿನ ಗಾಜು ಸ್ಕ್ರೂ ಮೇಲೆ ನಿಂತಿದೆ ಎಂದು ಗೊತ್ತಾದ ಮೇಲೆ. ತೆರೆದು ಮುಚ್ಚುವ ಗಾಜು ಸಾಮಾನ್ಯವಾಗಿ ಹೀಗೆಯೇ ಇರುತ್ತದೆ: ಎರಡೂ ಬದಿಯಲ್ಲಿ ಎರಡೋ ಮೂರೋ ಸ್ಕ್ರೂ, ಕೆಳಗೆ ಹಳಿಯಲ್ಲಿ ಓಡುವ ತೋಳುಗಳು. ರೂಫಿನ ಬಹುಪಾಲು ಗಾಜೇ ಇರುವ ಪ್ಯಾನೊರಾಮಿಕ್ ರೂಫಿನ ಹಿಂದಿನ ಗಾಜು ಅನೇಕ ಗಾಡಿಗಳಲ್ಲಿ ಅಲುಗಾಡದ ಗಾಜು. ಅದನ್ನು ವಿಂಡ್‌ಶೀಲ್ಡ್ ಥರ ಯುರೆಥೇನ್ ಅಂಟಿನಿಂದ ಬಾಡಿಗೆ ಕೂರಿಸಿರುತ್ತಾರೆ. ಅದಾಗಿದ್ದರೆ ನಾನು ಕೈ ಹಾಕುತ್ತಿರಲಿಲ್ಲ. ಹಳೇ ಅಂಟು ಕತ್ತರಿಸುವುದು, ಪ್ರೈಮರ್ ಹಚ್ಚುವುದು, ಅಂಟು ಕಚ್ಚುವವರೆಗೆ ಕಾಯುವುದು ಎಲ್ಲ ಕೈ ಪಳಗಿದವರ ಕೆಲಸ.

ಹೊಸ ಗಾಜನ್ನು ಚಾಸಿ ನಂಬರ್ ಕೊಟ್ಟೇ ತರಿಸಿದೆ. ಒಂದೇ ಮಾಡೆಲ್‌ನಲ್ಲೂ ವರ್ಷ ಬದಲಾದರೆ ಬ್ರ್ಯಾಕೆಟ್ ಬದಲಾಗಿರಬಹುದು. ಗಾಜಿನ ಜೊತೆ ಅಂಚಿನ ಕಪ್ಪು ಚೌಕಟ್ಟು, ಕೆಳಗೆ ಅಂಟಿಸಿದ ಲೋಹದ ಪಟ್ಟಿ, ಸುತ್ತಲಿನ ರಬ್ಬರ್ ಎಲ್ಲ ಸೇರಿ ಬಂತು. ಬಿಚ್ಚಿದ ಕೂಡಲೇ ರಬ್ಬರಿನ ಸುತ್ತ ಬೆರಳಾಡಿಸಿ ಎಲ್ಲೂ ಹರಿದಿಲ್ಲ, ಮಡಚಿಲ್ಲ ಎಂದು ನೋಡಿಕೊಂಡೆ. ಹಳೇ ಗಾಜಿನ ಮೂಲೆಯಲ್ಲಿ ಉಳಿದಿದ್ದ ಮುದ್ರೆಯನ್ನೂ ಹೊಸದರ ಮುದ್ರೆಯನ್ನೂ ಅಕ್ಕಪಕ್ಕ ಇಟ್ಟು ಹೋಲಿಸಿದೆ.

ಇನ್ನು ಚೂರು. ಈ ಕೆಲಸದ ಜೀವಾಳವೇ ಇದು.

ಸ್ಕ್ರೂಗಳು ಒಳಗಿನಿಂದ ಕಾಣಬೇಕಾದರೆ ಸನ್‌ಶೇಡ್ ಹಿಂದಕ್ಕೆ ಸರಿಯಬೇಕು. ಆದರೆ ಶೇಡ್ ಮೇಲೆಯೇ ಅರ್ಧ ಗಾಜು ರಾಶಿ ಬಿದ್ದಿದೆ. ಹಾಗೇ ಸರಿಸಿದರೆ ಎಲ್ಲವೂ ರೂಫಿನ ಒಳಸಂದಿಗೆ ಹೋಗಿ ಸೇರುತ್ತದೆ, ಆಮೇಲೆ ಅಲ್ಲಿಂದ ತೆಗೆಯಲು ದಾರಿಯಿಲ್ಲ. ಆದ್ದರಿಂದ ಸೀಟುಗಳಿಗೆ ಹಳೇ ಬೆಡ್‌ಶೀಟ್ ಹೊದಿಸಿ, ಚರ್ಮದ ಕೈಗವಸು, ಕನ್ನಡಕ, ಮಾಸ್ಕ್ ಹಾಕಿಕೊಂಡು, ಏಣಿಯ ಮೇಲೆ ನಿಂತು ಹೊರಗಿನಿಂದ ಶುರು ಮಾಡಿದೆ. ನೇತಾಡುತ್ತಿದ್ದ ಅಂಚಿನ ಗಾಜನ್ನು ಮೊದಲು ಅಗಲ ಟೇಪಿನಿಂದ ಒಂದಕ್ಕೊಂದು ಅಂಟಿಸಿ, ತುಂಡುತುಂಡಾಗಿ ಎತ್ತಿದೆ. ಶೇಡ್ ಮೇಲಿನ ರಾಶಿಯನ್ನು ಕೈಯಿಂದ ಬಾಚಿ ಬಕೆಟ್‌ಗೆ ಹಾಕಿ, ಉಳಿದದ್ದನ್ನು ವ್ಯಾಕ್ಯೂಮ್‌ನಿಂದ ಎಳೆದೆ. ಶೇಡ್ ಬಟ್ಟೆಯ ಮೇಲೆ ಅಂಗೈಯಗಲ ಟೇಪ್ ಒತ್ತಿ ಎತ್ತಿದರೆ ಒಂದು ಕಾಳೂ ಅಂಟಬಾರದು. ಹಾಗಾಗುವವರೆಗೆ ಶೇಡ್ ಅಲ್ಲಾಡಿಸಲಿಲ್ಲ.

ಆತುರದಲ್ಲಿ ಒಂದು ತಪ್ಪು ಮಾಡಿದೆ. ಸನ್‌ರೂಫಿನ ಸುತ್ತ ನೀರು ಹರಿಯುವ ಕಾಲುವೆ ಇರುತ್ತದೆ. ಅದರ ನಾಲ್ಕು ಮೂಲೆಯಲ್ಲಿ ನಾಲ್ಕು ತೂತು, ಪ್ರತಿ ತೂತಿಗೆ ಒಂದು ಸಣ್ಣ ಪೈಪ್. ಮುಂದಿನವು ವಿಂಡ್‌ಶೀಲ್ಡ್ ಪಕ್ಕದ ಕಂಬದೊಳಗೆ ಇಳಿಯುತ್ತವೆ, ಹಿಂದಿನವು ಹಿಂಬದಿಯ ಕಂಬದೊಳಗೆ. ಚೂರು ಬಾಚುವ ಮೊದಲೇ ಈ ನಾಲ್ಕೂ ತೂತಿಗೆ ಬಟ್ಟೆಯ ಉಂಡೆ ತುರುಕಬೇಕಿತ್ತು. ಮೂರಕ್ಕೆ ತುರುಕಿದೆ. ಮುಂದಿನ ಬಲಗಡೆಯದು ಗಾಳಿ ತಡೆಯುವ ಪಟ್ಟಿಯ ಅಡಿಯಲ್ಲಿ ಮರೆಯಾಗಿದ್ದರಿಂದ ನೆನಪಾಗಲಿಲ್ಲ. ಒಂದಷ್ಟು ಕಾಳು ಅದರೊಳಗೆ ಇಳಿದವು. ಗಾಳಿ ಪಂಪ್ ಇಟ್ಟು ಊದಿಬಿಡೋಣ ಅನ್ನಿಸಿದ್ದು ನಿಜ. ಆದರೆ ಜೋರಾಗಿ ಊದಿದರೆ ಪೈಪು ಮೇಲಿನ ಮೂತಿಯಿಂದ ಕಳಚಿಕೊಳ್ಳಬಹುದು. ಕಳಚಿದರೆ ಮುಂದಿನ ಮಳೆಯ ನೀರೆಲ್ಲ ಲೈನಿಂಗ್ ಒಳಗೆ. ವ್ಯಾಕ್ಯೂಮ್ ಮೂತಿಗೆ ಒದ್ದೆ ಬಟ್ಟೆ ಸುತ್ತಿ, ತೂತಿನ ಮೇಲೆ ಗಾಳಿ ಸೋರದಂತೆ ಒತ್ತಿ ಹಿಡಿದೆ. ಸ್ವಲ್ಪ ಹೊತ್ತಿಗೆ ಟಿಕ್, ಟಿಕ್ ಎಂದು ಕಾಳುಗಳು ಕೊಳವೆಯಲ್ಲಿ ಬಡಿಯುವ ಸದ್ದು ಕೇಳಿಸಿತು. ಸದ್ದು ನಿಂತ ಮೇಲೆ ತುದಿ ನುಣ್ಣಗೆ ಮಾಡಿದ ನೈಲಾನ್ ದಾರ ಇಳಿಸಿ ನೋಡಿದೆ, ಸರಾಗವಾಗಿ ಹೋಯಿತು.

ಹಳಿಯ ವಿಷಯ ಇನ್ನೂ ಸೂಕ್ಷ್ಮ. ಟಾರ್ಚನ್ನು ಹಳಿಯ ಮಟ್ಟಕ್ಕೆ ಮಲಗಿಸಿ ಬೆಳಕು ಓರೆಯಾಗಿ ಬೀಳುವಂತೆ ಇಟ್ಟೆ. ಮೇಲಿನಿಂದ ನೋಡಿದಾಗ ಸ್ವಚ್ಛವೆನಿಸಿದ್ದ ಜಾಗದಲ್ಲಿ ಸಕ್ಕರೆ ಚೆಲ್ಲಿದಂತೆ ಹರಳುಗಳು ಮಿನುಗಿದವು. ಹಳೇ ಗ್ರೀಸ್ ಅವನ್ನು ಕಚ್ಚಿ ಹಿಡಿದಿತ್ತು, ವ್ಯಾಕ್ಯೂಮ್ ಎಷ್ಟು ಎಳೆದರೂ ಬರಲಿಲ್ಲ. ಪ್ಲಾಸ್ಟಿಕ್ ಕಡ್ಡಿಗೆ ನೂಲು ಬಿಡದ ಬಟ್ಟೆ ಸುತ್ತಿ, ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಅದ್ದಿ, ಒಂದೊಂದು ಗೇಣು ಒರೆಸುತ್ತಾ ಹೋದೆ. ಒಂದು ಸಲ ಒರೆಸಿದ ಬಟ್ಟೆಯನ್ನು ಮತ್ತೆ ಮುಟ್ಟಿಸಲಿಲ್ಲ. ಹಳೇ ಗ್ರೀಸ್ ಪೂರ್ತಿ ಹೋಗಿ ಲೋಹ ಕಾಣುವವರೆಗೆ ಒರೆಸಿದೆ. ಮೊದಲ ದಿನ ಇಷ್ಟಕ್ಕೇ ಮುಗಿಯಿತು.

ಎರಡನೇ ದಿನ ಬೆಳಿಗ್ಗೆ ಹಳೇ ಚೌಕಟ್ಟು ಕಳಚಿದೆವು. ಬದಿಯ ಪ್ಲಾಸ್ಟಿಕ್ ಮುಚ್ಚಳ ಕ್ಲಿಪ್ ಮೇಲೆ ನಿಂತಿತ್ತು, ಪ್ಲಾಸ್ಟಿಕ್ ಮೀಟುಗೋಲಿನಿಂದ ಎಬ್ಬಿಸಿದರೆ ಬಂತು. ಅದರಡಿ ಬದಿಗೆ ಮೂರರಂತೆ ಟಿ25 ಅಳತೆಯ ನಕ್ಷತ್ರ ತಲೆಯ ಸ್ಕ್ರೂಗಳು. ಸಡಿಲಿಸುವ ಮೊದಲು ಪ್ರತಿ ಸ್ಕ್ರೂ ತನ್ನ ಉದ್ದತೂತಿನಲ್ಲಿ ಎಲ್ಲಿ ನಿಂತಿದೆ ಎಂದು ಬಿಳಿ ಪೆನ್ನಿನಿಂದ ಗುರುತು ಹಾಕಿ, ಫೋಟೊ ತೆಗೆದುಕೊಂಡೆ. ರೂಫಿನ ಅಂಚಿನ ಲೈನಿಂಗ್‌ಗೆ ಎಲ್ಲೂ ಮೀಟು ಹಾಕಲಿಲ್ಲ. ಕರ್ಟನ್ ಏರ್‌ಬ್ಯಾಗ್ ಇರುವ ಗಾಡಿಗಳಲ್ಲಿ ಅದು ಅಲ್ಲೇ ಬಾಗಿಲಿನ ಮೇಲ್ಭಾಗದುದ್ದಕ್ಕೂ ಮಡಚಿ ಕೂತಿರುತ್ತದೆ.

ಚೌಕಟ್ಟು ಎತ್ತಿದ ಮೇಲೆ ಗೊತ್ತಾದ ಸಂಗತಿ: ಹಳಿಯಲ್ಲಿ ಕೂತಿರುವ ತೋಳು ತನ್ನ ಅಡಿಯ ಜಾಗವನ್ನು ಮುಚ್ಚಿಟ್ಟುಕೊಂಡಿರುತ್ತದೆ. ನಿನ್ನೆ ಅಷ್ಟು ಒರೆಸಿದರೂ ಆ ಅಡಿಭಾಗ ಮುಟ್ಟಿಯೇ ಇರಲಿಲ್ಲ. ಫ್ಯೂಸ್ ಹಾಕಿ, ಸ್ವಿಚ್ಚನ್ನು ಚೂರೇ ಒತ್ತಿ ತೋಳುಗಳನ್ನು ಅಂಗೈಯಷ್ಟು ಹಿಂದೆ ಸರಿಸಿದಾಗ ಎಡಗಡೆ ಕರ್ ಎಂದಿತು. ತಕ್ಷಣ ಕೈ ತೆಗೆದೆ. ತೋಳಿನ ಹಿಂದಿನ ಶೂ ಪಕ್ಕದಲ್ಲಿ ಅಕ್ಕಿಕಾಳಿನಷ್ಟು ಗಾಜು ಸಿಕ್ಕಿಕೊಂಡಿತ್ತು. ಚಿಮುಟದಿಂದ ತೆಗೆದು, ಅಲ್ಲೆಲ್ಲ ಮತ್ತೆ ಒರೆಸಿ, ತೋಳುಗಳನ್ನು ಇನ್ನಷ್ಟು ಹಿಂದೆ ಕಳಿಸಿ ಇನ್ನೊಮ್ಮೆ ನೋಡಿದೆ. ಈ ತೋಳುಗಳನ್ನು ಕೈಯಿಂದ ದೂಡಬಾರದು. ಎರಡನ್ನೂ ಒಂದೇ ಮೋಟಾರು ಎರಡು ಕೇಬಲ್‌ಗಳ ಮೂಲಕ ಎಳೆಯುತ್ತದೆ. ಒಂದು ಮುಂದೆ ಒಂದು ಹಿಂದೆ ಆದರೆ ಗಾಜು ಓರೆಯಾಗಿ ಹೋಗಿ ಸಿಕ್ಕಿಕೊಳ್ಳುತ್ತದೆ. ಆಮೇಲೆ ಹಳಿಗೆ ಸರ್ವಿಸ್ ಪುಸ್ತಕದಲ್ಲಿ ಹೇಳಿದ್ದ ಗ್ರೀಸನ್ನೇ ತೆಳ್ಳಗೆ ಸವರಿದೆ. ಮನೆಯಲ್ಲಿದ್ದ ಮಾಮೂಲಿ ಗ್ರೀಸ್ ಬೇಡ; ಪೆಟ್ರೋಲಿಯಂ ಗ್ರೀಸ್ ತಾಗಿದರೆ ರಬ್ಬರ್ ಉಬ್ಬುತ್ತದೆ.

ಹೊಸ ಗಾಜು ಇಳಿಸುವಾಗ ತಮ್ಮ ಜೊತೆಗಿದ್ದ. ಒಬ್ಬರೇ ಮಾಡಬೇಡಿ, ಅಂಚು ರೂಫಿಗೆ ತಾಗಿದರೆ ಪೇಂಟಿಗೂ ಗಾಯ, ಗಾಜಿಗೂ ಅದೇ ಹಳೇ ಚುಕ್ಕೆ. ತೆರೆದ ಜಾಗದ ಸುತ್ತ ಮಾಸ್ಕಿಂಗ್ ಟೇಪ್ ಹಾಕಿ, ಇಬ್ಬರೂ ಎರಡು ಬದಿ ಹಿಡಿದು ನಿಧಾನವಾಗಿ ಇಳಿಸಿದೆವು. ಆರೂ ಸ್ಕ್ರೂಗಳನ್ನು ಬೆರಳಿನಲ್ಲೇ ಕಚ್ಚಿಸಿ ಬಿಟ್ಟೆ.

ಮುಂದಿನದು ಎತ್ತರ ಹೊಂದಿಸುವುದು. ನನ್ನ ಗಾಡಿಯ ಪುಸ್ತಕದ ಪ್ರಕಾರ ಗಾಜಿನ ಮುಂದಿನ ಅಂಚು ರೂಫಿಗೆ ಸಮ ಅಥವಾ 1 ಮಿಲಿಮೀಟರ್‌ವರೆಗೆ ಕೆಳಗಿರಬೇಕು, ಹಿಂದಿನ ಅಂಚು ಸಮ ಅಥವಾ 1 ಮಿಲಿಮೀಟರ್‌ವರೆಗೆ ಮೇಲಿರಬೇಕು. ಮುಂದಿನ ಅಂಚು ಮೇಲೆದ್ದಿದ್ದರೆ ಎದುರಿನ ಗಾಳಿ ಅದಕ್ಕೆ ಬಡಿದು ಶಿಳ್ಳೆ ಹೊಡೆಯುತ್ತದೆ. ಅಳೆಯಲು ಉಕ್ಕಿನ ಸ್ಕೇಲನ್ನು ರೂಫಿನ ಮೇಲಿಂದ ಗಾಜಿನ ಮೇಲೆ ಚಾಚಿ, ಸಂದಿಯಲ್ಲಿ ಬ್ಯಾಂಕ್ ಕಾರ್ಡ್ ತೂರಿಸಿದೆ. ಕಾರ್ಡಿನ ದಪ್ಪ 0.76 ಮಿಲಿಮೀಟರ್, ಇದಕ್ಕೆ ಹೇಳಿಮಾಡಿಸಿದ ಅಳತೆ. ಎಲ್ಲ ಸರಿಯೆನಿಸಿ ಸ್ಕ್ರೂ ಬಿಗಿದರೆ ಗಾಜು ಕೂದಲೆಳೆಯಷ್ಟು ಜಾರುತ್ತಿತ್ತು. "ಅಣ್ಣಾ, ಹಿಂದ್ಗಡೆ ಎಡಮೂಲೆ ಇನ್ನೂ ಒಂಚೂರು ಮೇಲಿದೆ ನೋಡು" ಎಂದು ತಮ್ಮ ಹೊರಗಿನಿಂದ ಹೇಳುವುದು, ನಾನು ಒಳಗಿನಿಂದ ಸಡಿಲಿಸುವುದು. ಐದನೇ ಸಲಕ್ಕೆ ಸರಿಹೋಯಿತು. ಎದುರುಬದುರು ಮೂಲೆಗಳನ್ನು ಸ್ವಲ್ಪಸ್ವಲ್ಪವೇ ಬಿಗಿಯುತ್ತಾ, ಕೊನೆಗೆ ಟಾರ್ಕ್ ರೆಂಚಿನಲ್ಲಿ ಪುಸ್ತಕದ ಅಳತೆಗೆ ಬಿಗಿದೆ. ಇವು ಸಣ್ಣ ಸ್ಕ್ರೂಗಳು, ತೋಳ್ಬಲ ತೋರಿಸಿದರೆ ಹಲ್ಲು ಹೋಗುತ್ತದೆ. ಆಮೇಲೆ ಗಾಜಿನ ಸುತ್ತ ಗೇಣಿಗೊಂದರಂತೆ ಕಾಗದದ ಪಟ್ಟಿ ಸಿಕ್ಕಿಸಿ ಎಳೆದು ನೋಡಿದೆ. ಎಲ್ಲ ಕಡೆ ಒಂದೇ ಬಿಗಿ ಇರಬೇಕು.

ಮೋಟಾರಿಗೆ ಹೊಸದಾಗಿ ತನ್ನ ದಾರಿ ಕಲಿಸುವುದು ಸುಲಭವಾಗಿಯೇ ಆಯಿತು. ನನ್ನ ಗಾಡಿಯಲ್ಲಿ ಮುಚ್ಚುವ ಸ್ವಿಚ್ಚನ್ನು ಒತ್ತಿ ಹಿಡಿದುಕೊಂಡಿದ್ದರೆ ಗಾಜು ತಾನೇ ಒಮ್ಮೆ ಪೂರ್ತಿ ತೆರೆದು ಮುಚ್ಚಿಕೊಳ್ಳುತ್ತದೆ. ಮಧ್ಯದಲ್ಲಿ ಕೈ ಬಿಟ್ಟರೆ ಮೊದಲಿನಿಂದ ಶುರು. ಕ್ರಮ ಗಾಡಿಯಿಂದ ಗಾಡಿಗೆ ಬೇರೆ, ಪುಸ್ತಕ ನೋಡಿ. ಅಡ್ಡ ಏನಾದರೂ ಸಿಕ್ಕರೆ ಗಾಜು ಹಿಂದೆ ಸರಿಯುತ್ತದೆಯೇ ಎಂದು ಸುರುಳಿ ಸುತ್ತಿದ ಟವೆಲ್ ಇಟ್ಟು ಪರೀಕ್ಷಿಸಿದೆ. ಸರಿಯಿತು. ಮಗು ಇರುವ ಮನೆಯಲ್ಲಿ ಈ ಪರೀಕ್ಷೆ ಬಿಡಬಾರದು.

ನೀರಿನ ಪರೀಕ್ಷೆಗೆ ಪ್ರೆಷರ್ ವಾಷರ್ ಬಳಸಲಿಲ್ಲ. ಸುತ್ತಲಿನ ರಬ್ಬರ್ ಎಲ್ಲ ನೀರನ್ನೂ ತಡೆಯಲಿ ಎಂದು ಮಾಡಿದ್ದೇ ಅಲ್ಲ. ದಾಟಿದ ನೀರು ಕಾಲುವೆಗೆ ಬಿದ್ದು ಪೈಪಿನಲ್ಲಿ ಇಳಿದುಹೋಗಲಿ ಎಂಬುದೇ ಅದರ ವ್ಯವಸ್ಥೆ. ಗಾಜು ತೆರೆದು ಒಂದೊಂದು ಮೂಲೆಗೂ ಅರ್ಧ ಲೋಟ ನೀರು ಮೆಲ್ಲಗೆ ಹೊಯ್ದು, ಗಾಡಿಯ ಅಡಿಯಲ್ಲಿ ಕಾದೆ. ಮೂರು ಕಡೆ ಕೂಡಲೇ ಹನಿಯಿತು. ಮುಂದಿನ ಬಲಗಡೆ, ಚೂರು ಇಳಿದಿದ್ದ ಪೈಪಿನಲ್ಲಿ ಮಾತ್ರ ನೀರು ತಡೆದು ತಡೆದು ಬಂತು. ತುದಿಯ ರಬ್ಬರ್ ಮೂತಿ ಹಿಂಡಿದಾಗ ಕಪ್ಪು ಕೆಸರಿನ ಜೊತೆ ಎರಡು ಕಾಳು ಗಾಜು ಉದುರಿದವು. ಆ ಮೇಲೆ ಧಾರೆ ಬಿಡದೆ ಹರಿಯಿತು. ಗಾಜು ಮುಚ್ಚಿ, ಒತ್ತಡವಿಲ್ಲದ ಪೈಪಿನಿಂದ ಹತ್ತು ನಿಮಿಷ ನೀರು ಬಿಟ್ಟು, ಲೈನಿಂಗ್ ಅಂಚಿನುದ್ದಕ್ಕೂ ಒಣ ಟಿಶ್ಯೂ ಒತ್ತಿ ನೋಡಿದೆ. ಎಲ್ಲೂ ಒದ್ದೆಯಿರಲಿಲ್ಲ.

ಮರುದಿನ ಹೆದ್ದಾರಿಯಲ್ಲಿ 80 ದಾಟಿದ ಮೇಲೆ ಎಡಗಡೆಯಿಂದ ಸಣ್ಣಗೆ ಉಸಿರೆಳೆದ ಹಾಗೆ ಗಾಳಿಯ ಸದ್ದು ಬಂತು. ನಿಲ್ಲಿಸಿ, ಆ ಕಡೆಯ ಸಂದಿಗೆ ಹೊರಗಿನಿಂದ ಮಾಸ್ಕಿಂಗ್ ಟೇಪ್ ಹಚ್ಚಿ ಮತ್ತೆ ಓಡಿಸಿದೆ. ಸದ್ದು ನಿಂತಿತು. ಎಡಗಡೆ ಮುಂದಿನ ಮೂಲೆ ಅರ್ಧ ಮಿಲಿಮೀಟರ್ ಮೇಲಿತ್ತು, ಕಾರ್ಡ್ ಇಟ್ಟು ಮತ್ತೆ ಇಳಿಸಿದೆ. ಒಂದು ವಾರ ಓಡಾಡಿದ ಮೇಲೆ ಆರೂ ಸ್ಕ್ರೂಗಳಿಗೆ ಇನ್ನೊಮ್ಮೆ ರೆಂಚ್ ಹಿಡಿದೆ. ಹಿಂದಿನ ಎಡಗಡೆಯದೊಂದು ಕಾಲು ಸುತ್ತು ತೆಗೆದುಕೊಂಡಿತು, ಉಳಿದವು ಅಲ್ಲಾಡಲಿಲ್ಲ. ಬದಿಯ ಮುಚ್ಚಳಗಳನ್ನು ಒತ್ತಿ ಕೂರಿಸಿದೆ.