ಜಿಂಜಾದಲ್ಲಿ ಸಂಸಾರ ಹೂಡುವವರಿಗೆ

ಆಫ್ರಿಕ ಅಂದ ಕೂಡಲೇ ಸುಡುಬಿಸಿಲು ಅಂದುಕೊಂಡು ಏಸಿ ಇರುವ ಮನೆಯನ್ನೇ ಹುಡುಕಬೇಡಿ. ಉಗಾಂಡದ ಜಿಂಜಾ ಭೂಮಧ್ಯರೇಖೆಗೆ ಅಂಟಿಕೊಂಡಂತಿದ್ದರೂ 1,100 ಮೀಟರಿಗೂ ಹೆಚ್ಚು ಎತ್ತರದಲ್ಲಿದೆ, ಬೆಂಗಳೂರಿಗಿಂತ ತುಸು ಮೇಲೆ. ಫ್ಯಾನ್ ಸಾಕು. ಅಲ್ಲಿ ಕಾಡುವುದು ಸೆಕೆಯಲ್ಲ, ತೇವ ಮತ್ತು ಹುಳಹುಪ್ಪಟೆ. ಬಾಡಿಗೆ ಮನೆ ನೋಡುವಾಗ ಕಿಟಕಿಯ ಜಾಲರಿ, ಬಿಸಿಲು ಬೀಳುವ ಕಡೆ ಬಟ್ಟೆ ಹರವಲು ಜಾಗ, ನೀರಿನ ಟ್ಯಾಂಕು, ಇವನ್ನು ನೋಡಿ. ನೆಲದ ಟೈಲ್ಸ್ ಚೆಂದವಿದೆಯೇ ಅನ್ನುವುದು ಆಮೇಲಿನ ಮಾತು.

ನಮ್ಮಲ್ಲಿ ಮಳೆ ಹಿಡಿದರೆ ಜಗಲಿಗೆ ಹಗ್ಗ ಕಟ್ಟಿ ಒದ್ದೆ ಬಟ್ಟೆ ಹಾಕುತ್ತೇವಲ್ಲ, ಆ ಅಭ್ಯಾಸ ಅಲ್ಲಿ ಬೇಡ. ಮ್ಯಾಂಗೋ ಫ್ಲೈ ಅನ್ನುವ ನೊಣ ನೆರಳಿನಲ್ಲಿರುವ ಒದ್ದೆ ಬಟ್ಟೆಯ ಮೇಲೆ ಮೊಟ್ಟೆ ಇಡುತ್ತದೆ. ಒಂದು-ಮೂರು ದಿನದಲ್ಲಿ ಮರಿಹುಳ ಹೊರಬಂದು, ಬಟ್ಟೆ ತೊಟ್ಟವರ ಚರ್ಮದೊಳಗೆ ಸೇರುತ್ತದೆ. ಕುರುವಿನಂತೆ ಊದಿಕೊಂಡು, ನಡುವೆ ಸಣ್ಣ ರಂಧ್ರ ಕಾಣಿಸುತ್ತದೆ. ಬರದಂತೆ ತಡೆಯಲು ಇಸ್ತ್ರಿಯೇ ದಾರಿ. ಕಾದ ಇಸ್ತ್ರಿಪೆಟ್ಟಿಗೆ ಬಟ್ಟೆಯ ಎರಡೂ ಮಗ್ಗುಲಿಗೆ ಬೀಳಬೇಕು. ಹೊಲಿಗೆ, ಕಾಲರು, ಸೊಂಟಪಟ್ಟಿಯ ಮೇಲೆ ಒಂದು ಗಳಿಗೆ ಹೆಚ್ಚು ಒತ್ತಿ. ಹೊರಗೆ ಹಾಕುವ ಅಂಗಿಗೆ ಮಾತ್ರ ಇಸ್ತ್ರಿ ಮಾಡಿ ಒಳಉಡುಪು, ಟವೆಲು, ಮಗುವಿನ ಬಟ್ಟೆ, ಹಾಸಿಗೆಯ ಚಾದರ ಬಿಡುವುದೇ ಎಲ್ಲರೂ ಎಡವುವ ಜಾಗ. ಇಸ್ತ್ರಿ ತಡೆಯದ ಬಟ್ಟೆಯನ್ನು ಜಾಲರಿಯಿರುವ ಕೋಣೆಯೊಳಗೇ ಒಣಗಿಸಿ. ಹುಳ ಸೇರಿಯೇಬಿಟ್ಟರೆ ಹಿಸುಕಬೇಡಿ, ಒಳಗೇ ಒಡೆದು ಕೀವಾಗುತ್ತದೆ. ರಂಧ್ರದ ಮೇಲೆ ವ್ಯಾಸಲೀನ್ ದಪ್ಪಗೆ ಮೆತ್ತಿದರೆ ಉಸಿರು ಕಟ್ಟಿ ಹುಳ ತಾನೇ ಮೇಲೆ ಬರುತ್ತದೆ; ಆಗ ಚಿಮಟದಿಂದ ತೆಗೆಯಬಹುದು. ಬರಲಿಲ್ಲವೋ, ಕ್ಲಿನಿಕ್ಕಿಗೆ ಹೋಗಿ.

ಸೊಳ್ಳೆ ಪರದೆ ಔಷಧಿ ಲೇಪಿಸಿದ್ದೇ ಇರಲಿ, ಅಂಚು ಹಾಸಿಗೆಯಡಿಗೆ ಸೇರಿರಲಿ. ಅದನ್ನು ಬಟ್ಟೆ ಪುಡಿಯಲ್ಲಿ ನೆನೆಸಿ ಬಿಸಿಲಿಗೆ ಹಾಕಿದರೆ ಔಷಧಿ ಹೋಗಿ ಬರೀ ಬಲೆ ಉಳಿಯುತ್ತದೆ. ಮೆದು ಸೋಪು, ತಣ್ಣೀರು, ನೆರಳು. ಇದೊಂದಕ್ಕೆ ಮಾತ್ರ ನೆರಳು. ಅಲ್ಲಿನ ಮಲೇರಿಯ ಹೆಚ್ಚಾಗಿ ಫಾಲ್ಸಿಪಾರಂ ಅನ್ನುವ ಅಪಾಯದ ಬಗೆ, ತಡ ಮಾಡಿದರೆ ಮಿದುಳಿಗೇರಬಹುದು. ಜ್ವರ ಬಂದ ದಿನವೇ ರಕ್ತ ಪರೀಕ್ಷೆ ಆಗಬೇಕು, ಕಷಾಯ ಕುಡಿದು ನಾಳೆ ನೋಡೋಣ ಅನ್ನಬಾರದು. ಮಲೇರಿಯ ಅಂತಾದರೆ ಸಾಮಾನ್ಯವಾಗಿ ಕೊಡುವ ಆರ್ಟಿಮೀಥರ್-ಲ್ಯೂಮೆಫ್ಯಾಂಟ್ರಿನ್ ದೊಡ್ಡವರಿಗೆ 3 ದಿನದಲ್ಲಿ 24 ಮಾತ್ರೆ. ಖಾಲಿ ಹೊಟ್ಟೆಗೆ ನುಂಗಿದರೆ ಸರಿಯಾಗಿ ಮೈಗೆ ಹತ್ತುವುದಿಲ್ಲ; ಹಾಲೋ, ಎಣ್ಣೆ ಬಿದ್ದ ಊಟವೋ ಜೊತೆಗಿರಲಿ. ಎರಡನೇ ದಿನ ಜ್ವರ ಬಿಟ್ಟಿತೆಂದು ಉಳಿದದ್ದನ್ನು ಡಬ್ಬಿಗೆ ಸೇರಿಸಬೇಡಿ. ರಜೆಗೆ ಊರಿಗೆ ಬಂದಾಗ ಜ್ವರ ಕಾಣಿಸಿದರೂ ಉಗಾಂಡದಿಂದ ಬಂದವರೆಂದು ಡಾಕ್ಟರಿಗೆ ಮೊದಲೇ ಹೇಳಿ. ಹಳದಿ ಜ್ವರದ ಲಸಿಕೆ ಹೊರಡುವುದಕ್ಕೆ 10 ದಿನ ಮೊದಲೇ ಆಗಿರಬೇಕು. ಆ ಕಾರ್ಡು ಪಾಸ್‌ಪೋರ್ಟಿನ ಜೊತೆಗೇ ಇರಲಿ, ವಾಪಸು ಬರುವಾಗ ನಮ್ಮ ವಿಮಾನ ನಿಲ್ದಾಣದಲ್ಲೇ ಕೇಳುತ್ತಾರೆ.

ವಿಕ್ಟೋರಿಯ ಸರೋವರದ ದಡದಲ್ಲಿ ಕಾಲು ಇಳಿಬಿಟ್ಟು ಕೂರಬೇಡಿ. ನೀರಿನ ಬಸವನಹುಳುವಿನಿಂದ ಬರುವ ಬಿಲ್‌ಹಾರ್ಜಿಯ ಅನ್ನುವ ಹುಳದ ರೋಗ ಅಂಟುತ್ತದೆ. ರಾತ್ರಿ ಸರೋವರದ ನೊಣ ಮೋಡದಂತೆ ಕವಿಯುವುದುಂಟು. ಕಚ್ಚುವುದಿಲ್ಲ, ದೀಪ ಆರಿಸಿದರೆ ಹೋಗುತ್ತವೆ.

ಊರ ಪಕ್ಕದಲ್ಲೇ ನೈಲ್ ನದಿಗೆ 1954ರಲ್ಲಿ ಕಟ್ಟಿದ ಅಣೆಕಟ್ಟಿದೆ, ಆದರೂ ಕರೆಂಟ್ ಹೋಗುತ್ತದೆ! ಹೋಗುವುದಕ್ಕಿಂತ ವಾಪಸು ಬರುವಾಗಿನ ಏರಿಳಿತಕ್ಕೇ ಫ್ರಿಜ್ಜಿನ ಕಂಪ್ರೆಸರ್ ಸುಡುವುದು. ಕೆಲವು ನಿಮಿಷ ತಡೆದು ಕರೆಂಟ್ ಬಿಡುವ ಫ್ರಿಜ್ ಗಾರ್ಡ್ ಹಾಕಿಸಿ. ವೋಲ್ಟೇಜ್ ನಮ್ಮದಕ್ಕೆ ಹೊಂದುತ್ತದೆ, ಆದರೆ ಪ್ಲಗ್ಗಿಗೆ ಬ್ರಿಟಿಷರ ಚಪ್ಪಟೆ ಮೂರು ಪಿನ್ನು. ಮೀಟರಿಗೆ ಮೊದಲೇ ದುಡ್ಡು ಹಾಕಬೇಕು, ಅದಕ್ಕೆ ಯಾಕಾ ಅನ್ನುತ್ತಾರೆ. ಮೊಬೈಲಿನಿಂದ ದುಡ್ಡು ಕಟ್ಟಿದರೆ 20 ಅಂಕಿ ಮೆಸೇಜಿನಲ್ಲಿ ಬರುತ್ತದೆ, ಅದನ್ನು ಮೀಟರಿನಲ್ಲಿ ಒತ್ತಬೇಕು. ಭಾನುವಾರ ರಾತ್ರಿ ಮುಗಿಯುವಂತೆ ಇಟ್ಟುಕೊಳ್ಳಬೇಡಿ.

ಅಡುಗೆಯ ಚಿಂತೆ ಕಡಿಮೆ. 1972ರಲ್ಲಿ ಇದಿ ಅಮೀನ್ ಓಡಿಸಿದ ಏಷ್ಯನ್ನರಲ್ಲಿ ಕೆಲವರು ಮರಳಿ ಬಂದಿದ್ದಾರೆ, ಬೇಳೆ-ಮಸಾಲೆ ಅಂಗಡಿಗಳಿವೆ. ಡೋಡೋ ಅಂತ ಮಾರುವುದು ನಮ್ಮ ಹರಿವೆ ಸೊಪ್ಪೇ, ಹುಳಿ ಸಾರಿಗೆ ಒಗ್ಗುತ್ತದೆ. ರಾಗಿಯ ತವರೇ ಆ ಸೀಮೆ. ಅಲ್ಲಿ ಅದು ಬುಲೊ. ಆದರೆ ಹಿಟ್ಟಾಗಿ ಕೊಂಡರೆ ಎಷ್ಟೋ ಸಲ ಮರಗೆಣಸಿನ ಹಿಟ್ಟು ಬೆರೆತಿರುತ್ತದೆ, ಅವರ ಮುದ್ದೆಯಾದ ಕಾಲೊ ಮಾಡುವ ರೀತಿಯೇ ಹಾಗೆ. ಅದರಲ್ಲಿ ಮುದ್ದೆ ಕಟ್ಟಿದರೆ ಅಂಟಂಟಾಗಿ ಕೋಲಿಗೆ ಹತ್ತಿಕೊಳ್ಳುತ್ತದೆ. ಕಾಳೇ ಕೊಂಡು, ಕಲ್ಲು ಜಾಲಿಸಿ, ಪೂರ್ತಿ ಒಣಗಿಸಿ, ಗಿರಣಿಯಲ್ಲಿ ನಿಂತು ಬೀಸಿಸಿ. ಜೋಳ ಬೀಸಿದ ಮೇಲೆ ನಿಮ್ಮ ಸರದಿ ಬಂದರೆ ಮೊದಲ ಒಂದೆರಡು ಹಿಡಿ ಹಿಟ್ಟು ಬೇರೆ ತೆಗೆಸಿಡಿ.